ಡೊಂಬಯ್ಯಣ್ಣ ಕೆತ್ತಿದ ತಾರೀಖು

ಬಿ.ಸಿ.ರೋಡಿನಲ್ಲಿ ಬಸ್ಸಿನಿಂದ ಇಳಿದು ರಸ್ತೆ ದಾಟಿದರೆ ಹನೀಫಾಕನ ಪಾತ್ರೆ ಅಂಗಡಿ. ಅದರ ಜಗಲಿಯ ಎಡಗಡೆಯ ಮೂಲೆಯಲ್ಲಿ ಗೋಣಿ ಹಾಸಿಕೊಂಡು ಡೊಂಬಯ್ಯಣ್ಣ ಕೂತಿರುತ್ತಾರೆ. ಊರು ಸಿದ್ಧಕಟ್ಟೆ. ಮೂವತ್ತೊಂದು ವರ್ಷದಿಂದ ಅದೇ ಮೂಲೆ. ಗೋಣಿ ಮಾತ್ರ ಆಗಾಗ ಬದಲಾಗಿದೆ.

ಅವರ ಕೆಲಸ ಪಾತ್ರೆಯ ಮೇಲೆ ಹೆಸರು ಕೆತ್ತುವುದು. ಮದುವೆಗೆ, ಮನೆ ಒಕ್ಕಲಿಗೆ ತಪಲೆಯೋ ಹರಿವಾಣವೋ ಉಡುಗೊರೆ ಕೊಡುವಾಗ ಕೊಟ್ಟವರ ಹೆಸರು, ಊರು, ತಾರೀಖು ಅದರ ಮೇಲೆ ಇರಲೇಬೇಕು ಎಂಬುದು ನಮ್ಮ ಕಡೆಯ ಪದ್ಧತಿ. ಬ್ಯಾರಿಗಳಾಗಲಿ ಬಂಟರಾಗಲಿ, ಇದರಲ್ಲಿ ಭೇದ ಇಲ್ಲ. ಡೊಂಬಯ್ಯಣ್ಣನ ಹತ್ತಿರ ಬೆರಳಿನಷ್ಟು ಉದ್ದದ ಒಂದು ಉಳಿ, ಒಂದು ಸಣ್ಣ ಸುತ್ತಿಗೆ. ಚುಕ್ಕಿಯ ಪಕ್ಕದಲ್ಲಿ ಚುಕ್ಕಿ ಹೊಡೆದು ಅಕ್ಷರ ಮಾಡುತ್ತಾರೆ. ಹೊಡೆಯುವ ಮೊದಲು ಚೀಟಿಯಲ್ಲಿರುವುದನ್ನು ಮೂರು ಸಲ ಗಟ್ಟಿಯಾಗಿ ಓದಿ ಹೇಳುತ್ತಾರೆ. ಮೂರು ಸಲವೂ ನಾವು "ಹೌದು" ಅನ್ನಬೇಕು. ಎರಡು ಸಲ ಹೇಳಿ ಸುಮ್ಮನಾದರೆ ಉಳಿ ಕೆಳಗಿಡುತ್ತಾರೆ.

ಒಮ್ಮೆ ವಾಮದಪದವಿನ ಒಬ್ಬರು ಒಂದು ಸ್ಟೀಲಿನ ಲೋಟ ತಂದು, ಐದು ಜನ ಅಣ್ಣತಮ್ಮಂದಿರ ಹೆಸರೂ ಅದರಲ್ಲಿ ಬರಬೇಕು ಎಂದರು.

"ಐದು ಜನಕ್ಕೆ ಜಾಗ ಬೇಕಾದರೆ ಹಂಡೆ ತನ್ನಿ ಮಾರಾಯ್ರೇ. ಲೋಟದಲ್ಲಿ ಒಬ್ಬ ನಿಲ್ಲಬಹುದು ಅಷ್ಟೆ."

"ಒತ್ತೊತ್ತಾಗಿ ಹಾಕಿ ಡೊಂಬಯ್ಯಣ್ಣ."

"ಒತ್ತೊತ್ತಾಗಿ ನೀವು ಐವರು ಒಂದೇ ಮನೆಯಲ್ಲಿ ಇದ್ದೀರಾ? ಇಲ್ಲವಲ್ಲ! ಲೋಟದಲ್ಲಿ ಯಾಕೆ ಇರಿಸುವುದು?"

ಕೇಳಿದವರಿಗೆಲ್ಲ ನಗು. ಅವರು ದೊಡ್ಡ ತಪಲೆಯನ್ನೇ ಕೊಂಡರು. ಹನೀಫಾಕನಿಗೆ ಲಾಭವಾಯಿತು.

ಹನೀಫಾಕ ಒಂದು ವರ್ಷ ಕರೆಂಟಿನಲ್ಲಿ ಕೆತ್ತುವ ಯಂತ್ರ ತಂದಿಟ್ಟ. ಡೊಂಬಯ್ಯಣ್ಣ ಎರಡು ದಿನ ಅದನ್ನು ಹಿಡಿದು ನೋಡಿ ಮೂರನೆಯ ದಿನ ಬಟ್ಟೆಯಲ್ಲಿ ಸುತ್ತಿ ವಾಪಸು ಕೊಟ್ಟರು. "ಇದು ಮೇಲೆ ಮೇಲೆ ಗೀಚುತ್ತದೆ, ಬೆಕ್ಕು ಪರಚಿದ ಹಾಗೆ," ಎಂದರು. ಯಂತ್ರ ಈಗಲೂ ಕಪಾಟಿನಲ್ಲಿ ಉಂಟು.

ನಮ್ಮ ಮಗಳು ಫಾಹಿಮಾಳ ಮದುವೆ 1996ರ ಮೇ 16, ಗುರುವಾರ. ಆಗ ನನ್ನ ಗಂಡ ಬಾವಾ ಇದ್ದರು. ಅವರು ಮಗಳಿಗೆಂದು ದೊಡ್ಡ ತಾಮ್ರದ ತೊಂದುರು ಕೊಂಡರು. ಪುಂಡಿ ಎಂಬ ಅಕ್ಕಿಯುಂಡೆ, ಕಡುಬು ಇವನ್ನೆಲ್ಲ ಹಬೆಯಲ್ಲಿ ಬೇಯಿಸುವ ಪಾತ್ರೆಗೆ ನಮ್ಮಲ್ಲಿ ತೊಂದುರು ಎನ್ನುವುದು. ಒಂದು ಸಲಕ್ಕೆ ಅರುವತ್ತು ಪುಂಡಿ ಹಿಡಿಯುತ್ತದೆ. ಅದರ ಕಂಠದ ಕೆಳಗೆ ಡೊಂಬಯ್ಯಣ್ಣನೇ ಹೆಸರು ಕೆತ್ತಿದ್ದು. ನಾಲ್ಕು ವರ್ಷದ ಮೇಲೆ ಬಾವಾ ತೀರಿಹೋದರು. ಅಳಿಯ ನಿಝಾಮ್ ಸೌದಿಯಲ್ಲಿ ವೆಲ್ಡಿಂಗ್ ಕೆಲಸದಲ್ಲಿದ್ದುದರಿಂದ ಫಾಹಿಮಾ ನನ್ನ ಜೊತೆ ಬಂಟ್ವಾಳದಲ್ಲೇ ಇದ್ದಳು. ಆ ತೊಂದುರಿನಲ್ಲಿ ಬೇಯಿಸಿ ನೆರೆಹೊರೆಯ ಮನೆಗಳ ಸಮಾರಂಭಕ್ಕೆ ಪುಂಡಿ ಕೊಡುತ್ತಿದ್ದಳು. ಅವಳ ಪುಂಡಿಗೆ ಹೆಸರಿತ್ತು.

2004ರಲ್ಲಿ ನಿಝಾಮನಿಗೆ ಆಸ್ಟ್ರೇಲಿಯದಲ್ಲಿ ಕೆಲಸವೂ ಅಲ್ಲೇ ನೆಲೆಸುವ ಅನುಮತಿಯೂ ಸಿಕ್ಕಿತು. ಅವನು ಮೊದಲು ಹೋಗಿ ಮನೆ ಹಿಡಿದು ಫೋನ್ ಮಾಡಿದ. ಫಾಹಿಮಾ ಎರಡು ವರ್ಷದ ರಿಫಾಳನ್ನು ಕರೆದುಕೊಂಡು ಬರಲಿ, ಮನೆಸಾಮಾನು ಹಡಗಿನಲ್ಲಿ ಬರಲಿ ಎಂದ. ಅಲ್ಲಿ ನಮ್ಮ ಊರ ಕಡೆಯ ಕುಟುಂಬಗಳು ತುಂಬ ಉಂಟಂತೆ, ಪುಂಡಿ ಅಂದರೆ ಜೀವ ಬಿಡುತ್ತಾರಂತೆ. ಫಾಹಿಮಾ ಅವತ್ತೇ ತೊಂದುರನ್ನು ಅಟ್ಟದಿಂದ ಇಳಿಸಿದಳು.

ಹಡಗಿಗೆ ಸಾಮಾನು ಕಳಿಸುವ ಏಜೆಂಟರ ಕಡೆಯಿಂದ ಮಂಗಳೂರಿನ ಶೋಧನ್ ಎಂಬ ಹುಡುಗ ಕಾಗದಪತ್ರ ತಂದ. ಮೂರು ನಿಯಮ ಹೇಳಿದ. ಒಂದು, ಯಾವ ಪೆಟ್ಟಿಗೆಯಲ್ಲಿ ಯಾವ ಸಾಮಾನು ಎಷ್ಟು ಎಂದು ಪಟ್ಟಿ ಬೇಕು, ಒಂದು ಚಮಚವೂ ಹೆಚ್ಚು ಕಡಿಮೆ ಆಗಬಾರದು. ಎರಡು, ಎಲ್ಲವೂ ಶುದ್ಧವಾಗಿರಬೇಕು. ಮಣ್ಣು, ಅಕ್ಕಿಕಾಳು, ಹೊಟ್ಟು ಒಂದು ಕಣ ಅಂಟಿಕೊಂಡಿದ್ದರೂ ಅಲ್ಲಿಯವರು ತಡೆಯುತ್ತಾರೆ. ಮೂರನೆಯದನ್ನು ಅವನು ಚಾ ಕುಡಿದು ಏಳುವಾಗ ಹೇಳಿದ. ಸಾಮಾನು ಒಂದು ವರ್ಷಕ್ಕಿಂತ ಹೆಚ್ಚು ಬಳಸಿದ್ದಾಗಿರಬೇಕು, ಹೊಸತಾದರೆ ಸುಂಕ.

ಪಟ್ಟಿ ನಾವು ಸರಿಯಾಗಿಯೇ ಮಾಡಿದೆವು. ನಾನು ಒಂದೊಂದೇ ಎತ್ತಿ ಹೇಳಿದೆ, ಫಾಹಿಮಾ ಇಂಗ್ಲಿಷಿನಲ್ಲಿ ಬರೆದಳು. ಆರು ಪೆಟ್ಟಿಗೆ, ನೂರ ಹನ್ನೆರಡು ಸಾಮಾನು. ಅದರಲ್ಲಿ ಪಾತ್ರೆ ಇಪ್ಪತ್ತಾರು. ತಪ್ಪಿದ್ದು ಎರಡನೆಯ ನಿಯಮದಲ್ಲಿ.

ಪಕ್ಕದ ಮನೆಯ ಖದೀಜ ಬಂದು ನೋಡಿದಳು. "ಕಸ್ಟಮ್ಸಿನವರು ಮುಚ್ಚಳ ತೆಗೆದು ನೋಡ್ತಾರಂತೆ ಸಾಲಿಹಾ. ಈ ಮಸಿ ನೋಡಿದರೆ ಬಂಟ್ವಾಳದವರಿಗೆ ಪಾತ್ರೆ ತೊಳೆದು ಗೊತ್ತಿಲ್ಲ ಅಂತ ಗ್ರಹಿಸ್ಲಿಕ್ಕಿಲ್ವಾ?"

ಆ ಮಾತು ನನಗೆ ನಾಟಿತು. ಮೊದಲು ಹುಣಸೆಹುಳಿ ಹಾಕಿ ಉಜ್ಜಿದೆವು. ಆಮೇಲೆ ಬೂದಿ. ಆಮೇಲೆ ಪಾಲಿಶ್ ಅಂಗಡಿಗೆ ಕಳಿಸಿ ಯಂತ್ರದ ಚಕ್ರಕ್ಕೆ ಹಿಡಿಸಿದೆವು. ತೊಂದುರಿನ ಕಂಠದಲ್ಲಿ ಎಂಟು ವರ್ಷದ ಮಸಿ ಕೂತಿತ್ತು. ಇನ್ನೊಮ್ಮೆ ಹಿಡಿಯಿರಿ ಎಂದು ಹೇಳಿದ್ದು ನಾನೇ. ಕೊನೆಗೆ ಕಲಾಯಿಯವರನ್ನು ಅಂಗಳಕ್ಕೆ ಕರೆಸಿ ತಾಮ್ರದ್ದಕ್ಕೆಲ್ಲ ಒಳಗೆ ಬೆಳ್ಳಗೆ ತವರ ಬಳಿಸಿಯಾಯಿತು. ನಾಲ್ಕನೆಯ ದಿನ ಇಪ್ಪತ್ತಾರು ಪಾತ್ರೆಯನ್ನೂ ಚಾಪೆಯ ಮೇಲೆ ಸಾಲಾಗಿ ಇಟ್ಟೆವು. ರಿಫಾ ಒಂದೊಂದರಲ್ಲೂ ತನ್ನ ಮುಖ ನೋಡಿಕೊಂಡು ಕುಣಿದಳು.

ಮಂಗಳವಾರ ಶೋಧನ್ ಬಂದ. ಪೆಟ್ಟಿಗೆಗಳು ಶುಕ್ರವಾರ ಹೊರಡಬೇಕಿತ್ತು. ಬಾಗಿಲಲ್ಲೇ ನಿಂತುಬಿಟ್ಟ.

"ಇದೆಂತ ಸಾಲಿಹಕ್ಕ, ಪಾತ್ರೆ ಅಂಗಡಿ ಇಟ್ಟಿದ್ದೀರಾ?"

"ಶುದ್ಧ ಆಗಬೇಕು ಅಂತ ಹೇಳಿದ್ದು ನೀನೇ ಅಲ್ವಾ ಮಗ?"

"ತೊಳಿಲಿಕ್ಕೆ ಹೇಳಿದ್ದು ಅಕ್ಕ, ಹೊಸತಾಗಿ ಹುಟ್ಟಿಸ್ಲಿಕ್ಕೆ ಅಲ್ಲ! ಇದನ್ನು ಹಳತು ಅಂತ ಬರೆದರೆ ಅಲ್ಲಿಯ ಆಫೀಸರ್ ನಂಬ್ತಾನಾ?"

ಅವನು ತಲೆ ಕೆರೆದುಕೊಳ್ಳುತ್ತ ಕೂತ. ಒಂದು ಸ್ಟೀಲಿನ ಹರಿವಾಣ ಎತ್ತಿ ಬೆಳಕಿಗೆ ತಿರುಗಿಸಿದವನ ಮುಖ ಅರಳಿತು. "ತಾರೀಖು ಉಂಟಲ್ಲ ಇದರಲ್ಲಿ! ತೊಂಬತ್ತಾರು. ಇದರ ಫೋಟೋ ತೆಗೆದು ಪಟ್ಟಿಗೆ ಅಂಟಿಸುವ. ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಎಂತ ಬೇಕು?"

ಮತ್ತೆ ನೋಡಿ ಗಮ್ಮತ್ತು. ಅವನು ತಾರೀಖು ಓದುವುದು, ನಾನು ಅದನ್ನು ಕೊಟ್ಟವರ ಕತೆ ಹೇಳುವುದು, ಫಾಹಿಮಾ ಪಟ್ಟಿಗೆ ಸೇರಿಸುವುದು. ಇಪ್ಪತ್ತೈದು ಪಾತ್ರೆ ಪಾಸಾದವು. ಇಪ್ಪತ್ತಾರನೆಯದು ತೊಂದುರು. ಅದನ್ನು ಮೂರು ಸುತ್ತು ತಿರುಗಿಸಿದೆವು. ಕಂಠದ ಕೆಳಗೆ ಕನ್ನಡಿಯ ಹಾಗೆ ನುಣುಪು. ಒಂದು ಚುಕ್ಕಿಯೂ ಇಲ್ಲ. ಎರಡನೆಯ ಸಲ ಚಕ್ರಕ್ಕೆ ಹಿಡಿದಾಗ ಹೆಸರೂ ತಾರೀಖೂ ಸವೆದುಹೋಗಿದ್ದವು.

"ಇದೊಂದನ್ನು ಬಿಡಿ," ಎಂದ ಶೋಧನ್. "ಇಷ್ಟು ದೊಡ್ಡದು, ಇಷ್ಟು ಹೊಳೆಯುವುದು. ಇದರ ಮೇಲೆ ಅನುಮಾನ ಬಂದರೆ ಆರು ಪೆಟ್ಟಿಗೆಯನ್ನೂ ತಡೆದು ಇಡ್ತಾರೆ. ಸುಂಕ ಕಟ್ಟುವುದಾದರೆ ಅಲ್ಲಿ ಹೊಸತೇ ತೆಗೊಳ್ಳಬಹುದು."

"ಅಲ್ಲಿ ತೊಂದುರು ಸಿಗ್ತದಾ?" ಎಂದು ಕೇಳಿದಳು ಫಾಹಿಮಾ.

ಅವನು ಪಟ್ಟಿ ಮಡಚಿಕೊಂಡು ಎದ್ದ. ಫಾಹಿಮಾ ತೊಂದುರನ್ನು ಎರಡೂ ಕೈಯಿಂದ ಎತ್ತಿ ಒಳಗೆ ಕೊಂಡುಹೋಗಿ ಇಟ್ಟಳು. ಅವತ್ತು ಬೇಗ ಊಟ ಮುಗಿಸಿ ರಿಫಾಳನ್ನು ಮಲಗಿಸಲು ಹೋದಳು. ಇನ್ನೊಮ್ಮೆ ಹಿಡಿಯಿರಿ ಎಂದ ನನ್ನನ್ನು ಅವಳು ಒಂದು ಮಾತು ಬಯ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಬುಧವಾರ ಬೆಳಿಗ್ಗೆ ತೊಂದುರನ್ನು ಹಳೆಯ ಬೆಡ್‌ಶೀಟಿನಲ್ಲಿ ಕಟ್ಟಿ ಬಸ್ಸು ಹತ್ತಿದೆ. ಹನೀಫಾಕನ ಜಗಲಿಯಲ್ಲಿ ಬಿಚ್ಚಿಟ್ಟು ನಡೆದದ್ದನ್ನೆಲ್ಲ ಹೇಳಿದೆ. ಡೊಂಬಯ್ಯಣ್ಣ ಕಂಠದ ಮೇಲೆ ಹೆಬ್ಬೆರಳು ಎಳೆದು, "ನನ್ನ ಅರ್ಧ ದಿನದ ಕೆಲಸ ತಿಂದು ಹಾಕಿದಿರಲ್ಲ ಸಾಲಿಹಕ್ಕ!" ಎಂದರು. ಸಿಟ್ಟಿನಲ್ಲಿ ಅಲ್ಲ.

ಹನೀಫಾಕ ಗಲ್ಲೆಯಿಂದಲೇ ಹೇಳಿದ: "ಅದಕ್ಕೇನು? ಅದೇ ಹೆಸರು, ಅದೇ ತಾರೀಖು ಇನ್ನೊಮ್ಮೆ ಹೊಡೆದು ಕೊಡಿ ಡೊಂಬಯ್ಯಣ್ಣ. ಸುಳ್ಳಾ? ನಿಜವೇ ಅಲ್ವಾ?"

"ಇವತ್ತು ಹೊಡೆದು ಎಂಟು ವರ್ಷದ ಹಿಂದಿನ ತಾರೀಖು ಹಾಕುವುದಾ? ಆಗ್ಲಿಕ್ಕಿಲ್ಲ."

"ಯಾರು ನೋಡ್ಲಿಕ್ಕೆ ಉಂಟು ಮಾರಾಯ್ರೇ?"

"ನಾನು ನೋಡ್ಲಿಕ್ಕೆ ಉಂಟು. ಇವತ್ತು ಇದಕ್ಕೆ ಹೊಡೆದರೆ, ಇಷ್ಟು ವರ್ಷ ನಾನು ಹಾಕಿದ ತಾರೀಖನ್ನೆಲ್ಲ ಯಾರು ನಂಬುವುದು? ಬಾಕಿ ಇಪ್ಪತ್ತೈದು ಪಾತ್ರೆಯನ್ನು ಆ ಹುಡುಗ ನಂಬಿದ್ದು ಯಾಕೆ?"

ಹನೀಫಾಕ ತನ್ನ ಲೆಕ್ಕದ ಪುಸ್ತಕಕ್ಕೆ ತಿರುಗಿದ. ನಾನೂ ಬೆಡ್‌ಶೀಟು ಎತ್ತಿಕೊಂಡೆ. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

"ಅಲ್ಲಿ ಕೂತುಕೊಳ್ಳಿ ನೋಡುವ," ಎಂದರು ಡೊಂಬಯ್ಯಣ್ಣ. ತೊಂದುರನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಲಗೈಯನ್ನು ಒಳಗೆ ಹಾಕಿದರು. ಕಣ್ಣು ಮುಚ್ಚಿ ಕಂಠದ ಒಳಬದಿಯನ್ನು ತಡವುತ್ತ ಹೋದರು. ಒಂದು ಕಡೆ ಕೈ ನಿಂತಿತು.

"ಉಂಟು ಅಂತ ಕಾಣ್ತದೆ. ಹೊರಗಿಂದ ಹೊಡೆದ ಪೆಟ್ಟು ಒಳಗೆ ಉಬ್ಬಿಕೊಂಡೇ ಇರ್ತದೆ. ಕಲಾಯಿ ಅದರ ಮೇಲೆ ಕೂತಿದೆ. ಆದರೆ ನೋಡಬೇಕಾದರೆ ನಿಮ್ಮ ಹೊಸ ಕಲಾಯಿ ಹಾಳಾಗ್ತದೆ ಸಾಲಿಹಕ್ಕ."

"ಹಾಳಾಗ್ಲಿ," ಎಂದೆ. "ಚಂದ ಮಾಡಿದ್ದು ಸಾಕು."

ಪಕ್ಕದ ಹೋಟೆಲಿನಿಂದ ಸೀಮೆಎಣ್ಣೆ ಒಲೆ ಬಂತು. ಡೊಂಬಯ್ಯಣ್ಣ ಕಂಠವನ್ನು ಬೆಂಕಿಗೆ ಹಿಡಿದು, ತವರ ಕರಗಿ ಮಿನುಗುವ ಹೊತ್ತಿಗೆ ಹತ್ತಿಬಟ್ಟೆಯಿಂದ ಒಂದೇ ಎಳೆತಕ್ಕೆ ಒರೆಸಿದರು. ಮತ್ತೆ ಹಿಡಿದರು, ಮತ್ತೆ ಒರೆಸಿದರು. ಆರು ಸಲ. ಬಿಳಿ ಹೋಗಿ ತಾಮ್ರದ ಕೆಂಪು ಕಂಡಿತು. ಕೆಂಪಿನಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು, ಸಾಲು ಸಾಲು. ಬಸ್ಸಿಗೆ ಕಾಯುತ್ತಿದ್ದವರೂ ಬಂದು ಬಗ್ಗಿ ನೋಡಿದರು.

"ಇದು ಯಾವ ಭಾಷೆ?" ಎಂದ ಒಬ್ಬ.

"ಕನ್ನಡವೇ. ಒಳಗಿನಿಂದ ನೋಡಿದರೆ ಬೆನ್ನು ಹಾಕಿ ನಿಂತದ್ದು," ಎಂದರು ಡೊಂಬಯ್ಯಣ್ಣ.

ಹನೀಫಾಕ ಕೂಡಲೇ ಏಜೆಂಟರ ಆಫೀಸಿಗೆ ಫೋನ್ ಮಾಡಿದ. ಮಧ್ಯಾಹ್ನ ಶೋಧನ್ ಕ್ಯಾಮರಾ ಹಿಡಿದು ಬಂದ. ಅವನ ಹಿಂದೆಯೇ ರಿಫಾಳನ್ನು ಎತ್ತಿಕೊಂಡು ಫಾಹಿಮಾ. ಹನೀಫಾಕ ಮುಖ ನೋಡುವ ಸಣ್ಣ ಕನ್ನಡಿಯನ್ನು ಗಲ್ಲೆಯಿಂದ ತೆಗೆದುಕೊಟ್ಟ. ಶೋಧನ್ ಕನ್ನಡಿಯನ್ನು ತೊಂದುರಿನೊಳಗೆ ಓರೆ ಹಿಡಿದು, ತಲೆ ಓರೆ ಮಾಡಿ, ನಿಧಾನವಾಗಿ ಓದಿದ:

"ಬಾವಾ. ಬಂಟ್ವಾಳ. ಹದಿನಾರು, ಐದು, ತೊಂಬತ್ತಾರು."

ಜಗಲಿಯಲ್ಲಿ ನಿಂತವರೆಲ್ಲ ಚಪ್ಪಾಳೆ ಹೊಡೆದರು. ಅವರಲ್ಲಿ ಅರ್ಧ ಜನಕ್ಕೆ ಯಾಕೆಂದು ಗೊತ್ತಿರಲಿಲ್ಲ. ಫಾಹಿಮಾ ನಗುತ್ತ ಅಳುತ್ತ ಕನ್ನಡಿಯನ್ನು ಕಸಿದುಕೊಂಡು ತಾನೂ ಓದಿದಳು. "ಉಮ್ಮ, ನೋಡಿ, ಎಲ್ಲ ಉಂಟು!"

ಶೋಧನ್ ಫೋಟೋ ತೆಗೆದ. ಕೆತ್ತಿದವರದ್ದೂ ಒಂದು ಹೇಳಿಕೆ ಇರಲಿ ಎಂದು ಅಲ್ಲೇ ಒಂದು ಕಾಗದ ಬರೆದು, ಸಹಿ ಹಾಕಿ ಎಂದ. ಡೊಂಬಯ್ಯಣ್ಣ ಅದನ್ನು ಕನ್ನಡದಲ್ಲಿ ಹೇಳಿಸಿಕೊಂಡರು.

"ಮೇ ತಿಂಗಳು ಹದಿನಾರರಂದು ಕೆತ್ತಿದ್ದು ಅಂತ ಬರೆದಿದ್ದೀರಾ? ಅದು ತಪ್ಪು."

"ತೊಂದುರಿನಲ್ಲಿ ಹಾಗೇ ಉಂಟಲ್ಲ!"

"ಅದು ಮದುವೆಯ ದಿನ. ಕೆತ್ತಿದ್ದು ಅದಕ್ಕಿಂತ ಮೊದಲು. ಮದುವೆ ದಿನ ನಾನು ಬಿರಿಯಾನಿ ತಿನ್ನುತ್ತಾ ಇದ್ದೆ, ಕೆತ್ತುವುದು ಎಲ್ಲಿ?"

ಶೋಧನ್ ಬೇರೆ ಕಾಗದ ತೆಗೆದು, "ಮದುವೆಗೆ ಮೊದಲು ಕೆತ್ತಿದ್ದು" ಎಂದು ಬರೆದ. ಡೊಂಬಯ್ಯಣ್ಣ ಪೆನ್ನನ್ನು ಉಳಿಯ ಹಾಗೆ ಹಿಡಿದು ಸಹಿ ಹಾಕಿದರು. ಶುಕ್ರವಾರ ಆರು ಪೆಟ್ಟಿಗೆಯೂ ಹೊರಟವು. ನಾಲ್ಕನೆಯ ಪೆಟ್ಟಿಗೆಯಲ್ಲಿ ತೊಂದುರು, ಅದರ ಹೊಟ್ಟೆಯೊಳಗೆ ಎಂಟು ಬಟ್ಟಲು. ಮುಂದಿನ ವಾರ ಮಗಳು, ಮೊಮ್ಮಗಳು ವಿಮಾನ ಹತ್ತಿದರು.

ಹಡಗಿನ ಸಾಮಾನು ತಲುಪಿದ ಸುದ್ದಿಗೆ ಹನ್ನೊಂದು ವಾರ ಕಾದೆ. ಡೊಂಬಯ್ಯಣ್ಣ ನನಗಿಂತ ಹೆಚ್ಚು ಕಾದರು. ನಾನು ಬಿ.ಸಿ.ರೋಡಿಗೆ ಹೋದಾಗಲೆಲ್ಲ, "ಎಂತ ಸಾಲಿಹಕ್ಕ, ಇಳಿಯಿತಾ?" ಎಂದು ಕೇಳುವುದು. "ನನ್ನ ಸಹಿ ಅಲ್ಲಿ ಉಂಟು, ನನಗೆ ನಿದ್ದೆ ಇಲ್ಲ." ಕಡೆಗೆ ಫಾಹಿಮಾ ಹನೀಫಾಕನ ಅಂಗಡಿಗೇ ಫೋನ್ ಮಾಡುವುದೆಂದು ಮಾತಾಯಿತು.

ಆ ದಿನ ನಾನು ಒಂದು ಗಂಟೆ ಮೊದಲೇ ಹೋಗಿ ಕೂತಿದ್ದೆ. ಫೋನ್ ಬಂತು. ಫಾಹಿಮಾಳ ಮೊದಲ ಮಾತೇ "ಬಂತು ಉಮ್ಮ, ಎಲ್ಲ ಬಂತು, ಸುಂಕ ಇಲ್ಲ!" ಎಂದು. ನಾನು ಅದನ್ನೇ ಗಟ್ಟಿಯಾಗಿ ಹೇಳಿದೆ. ಡೊಂಬಯ್ಯಣ್ಣ ಗೋಣಿಯಿಂದ ಎದ್ದು ಬಂದು ಫೋನಿಗೆ ಕೈ ನೀಡಿದರು.

"ಫಾಹಿಮಾ, ಆಫೀಸರ್ ಎಂತ ಹೇಳಿದ? ಕನ್ನಡ ಅವನಿಗೆ ಹೇಗೆ ಗೊತ್ತಾಯಿತು?"

ಅವಳು ಹೇಳುವುದು ನಮಗೂ ಕೇಳುತ್ತಿತ್ತು. ಆಫೀಸರನಿಗೆ ಅಕ್ಷರ ಗೊತ್ತಾಗಲಿಲ್ಲ, ಅಂಕೆ ಇಂಗ್ಲಿಷಿನದ್ದಾದ್ದರಿಂದ ಗೊತ್ತಾಯಿತು. ಫೋಟೋ ನೋಡಿದ ಮೇಲೂ ಅವನಿಗೆ ಕುತೂಹಲ. ಅಂಗಿಯ ತೋಳು ಮಡಚಿ ತಾನೇ ತೊಂದುರಿನ ಒಳಗೆ ಕೈ ಹಾಕಿ ತಡವಿ ನೋಡಿದನಂತೆ. ಈ ಹೆಸರು ಯಾರದ್ದು ಎಂದು ಕೇಳಿದ್ದಕ್ಕೆ, ನನ್ನ ತಂದೆಯದ್ದು ಎಂದಳಂತೆ. ಆಮೇಲೆ ಬೇರೆ ಯಾವ ಪೆಟ್ಟಿಗೆಯನ್ನೂ ಅವನು ತೆರೆಸಲಿಲ್ಲ. ಭಾನುವಾರ ಅರುವತ್ತು ಪುಂಡಿ ಬೇಯಿಸಿದಳು. ಮೂಡಬಿದ್ರೆಯ ಕಾಂತಿ ಎಂಬವರು ಅಲ್ಲೇ ಹತ್ತಿರ ಇದ್ದಾರೆ, ಮುಂದಿನ ವಾರಕ್ಕೆ ನೂರಕ್ಕೆ ಹೇಳಿ ಹೋಗಿದ್ದಾರೆ.

"ಕೈ ಹಾಕಿ ನೋಡಿದನಾ?" ಎಂದು ಡೊಂಬಯ್ಯಣ್ಣ ಇನ್ನೊಮ್ಮೆ ಕೇಳಿದರು. ಹೌದು ಎಂದಳು ಫಾಹಿಮಾ.

ಅವರು ಫೋನನ್ನು ನನ್ನ ಕೈಗೆ ಕೊಟ್ಟು ಜಗಲಿಗೆ ಹೋದರು. ಅಲ್ಲಿ ಬೆಳ್ತಂಗಡಿ ಕಡೆಯ ಮದುವೆಯವರು ನಾಲ್ಕು ಹರಿವಾಣ ಹಿಡಿದು ಅರ್ಧ ಗಂಟೆಯಿಂದ ಕಾಯುತ್ತಿದ್ದರು. ಡೊಂಬಯ್ಯಣ್ಣ ಅವರನ್ನು ಕೂರಿಸಿ, ಹೋಟೆಲಿನಿಂದ ಚಾ ಹೇಳಿ, ಮೊದಲಿನಿಂದ ಕತೆ ಸುರು ಮಾಡಿದರು. ಹರಿವಾಣಗಳ ಕೆಲಸ ಅವತ್ತು ಆಗಲಿಲ್ಲ. ಮದುವೆಯವರೂ ಅವಸರ ಮಾಡಲಿಲ್ಲ.