ಹುಬ್ಬನ್ನೂ ಮುಡಿ ಕೊಟ್ಟ ಸೊಸೆ

ನಮ್ಮ ಸೊಸೆ ಗೆದ್ದಳು! ಗಡ್ಡೆ ಎಲ್ಲಿಯೂ ಕಾಣುವುದಿಲ್ಲ, ಇನ್ನು ಆರು ತಿಂಗಳಿಗೊಮ್ಮೆ ಬಂದು ತೋರಿಸಿಕೊಂಡು ಹೋದರೆ ಸಾಕು ಎಂದರಂತೆ ಡಾಕ್ಟರಮ್ಮ. ಇವತ್ತು ಮಧ್ಯಾಹ್ನ ಕರ್ನೂಲಿನ ಆಸ್ಪತ್ರೆಯಿಂದ ಮಗ ಫೋನು ಮಾಡಿದ ಕೂಡಲೇ ನಾನು ಮೊಮ್ಮಗಳನ್ನು ಎತ್ತಿ ತಿರುಗಿಸಲು ಹೋದೆ. ಅವಳು ಹತ್ತನೆಯ ತರಗತಿ. ಅವಳು ಮೇಲೇಳಲಿಲ್ಲ, ನನ್ನ ಸೊಂಟ ಹಿಡಿಯಿತು. ಹಿಡಿಯಲಿ ಬಿಡಿ.

ನಾನು ಓದಿದ್ದು ಮೂರನೆಯ ತರಗತಿ. ಸುಳ್ಳು ಹೇಳುವುದರಲ್ಲಿ ಮಾತ್ರ ಡಿಗ್ರಿ ಆಗಿದೆ ಎಂದುಕೊಂಡಿದ್ದೆ. ಹೋದ ವರ್ಷ ಸೊಸೆಯ ಎದೆಯಲ್ಲಿ ಕ್ಯಾನ್ಸರ್ ಗಡ್ಡೆ ಇದೆ ಎಂದು ತಿಳಿದಾಗ ಮನೆಮಂದಿಯೆಲ್ಲ ಬಾಯಿಗೆ ಬೀಗ ಹಾಕಿಕೊಂಡೆವು. ಪತ್ತಿಕೊಂಡದ ನಮ್ಮ ಓಣಿಗೆ ಗೊತ್ತಾದರೆ ನಾಳೆ ಮೊಮ್ಮಗಳಿಗೆ ಗಂಡು ಸಿಗುವುದಿಲ್ಲವಂತೆ! ಇರುವ ಸೊಸೆ ಉಳಿಯುತ್ತಾಳೋ ಇಲ್ಲವೋ ತಿಳಿಯದು, ನಮಗೆ ಇನ್ನೂ ಮುಖ ಕಾಣದ ಬೀಗರ ಚಿಂತೆ.

ನರಕ್ಕೆ ಔಷಧಿ ಇಳಿಸಲು ಶುರುಮಾಡಿದ ಮೇಲೆ ಸೊಸೆಯ ಕೂದಲು ಉದುರಿತು. ಎದುರುಮನೆಯವಳು ಬಂದಳು.

"ದೊಡ್ಡಮ್ಮಾ, ಸೊಸಿ ತಲಿ ಬೋಳಾಗೈತಲ್ಲ?"

"ತಿರುಪತಿಗೆ ಮುಡಿ ಕೊಟ್ಟಾಳ," ಎಂದುಬಿಟ್ಟೆ.

"ಅಯ್ಯ! ಶಿವನ ಒಕ್ಕಲು ನೀವು. ನಿಮ್ಮ ದೇವರು ಶ್ರೀಶೈಲದಾಗ ಅದಾನ. ಅಲ್ಲಿ ಕ್ಷೌರದವರು ಇರಲಿಲ್ಲೇನು? ಇರಲಿ, ಲಡ್ಡು ಕೊಡ್ರಿ."

ಲಡ್ಡು! ಮಗ ಮರುದಿನ ಆದೋನಿಯ ಮಿಠಾಯಿ ಅಂಗಡಿಯಿಂದ ತಂದ. ಕಣ್ಣಿಗೊತ್ತಿಕೊಂಡು ಓಣಿಗೆಲ್ಲ ಹಂಚಿದೆ. ಎದುರುಮನೆಯವಳು ಮೂಸಿ ನೋಡಿದಳು.

"ಪಚ್ಚಕರ್ಪೂರದ ವಾಸನಿ ಎಲ್ಲೈತಿ ದೊಡ್ಡಮ್ಮಾ?"

"ಬಸ್ಸಿನಾಗ ಗಾಳಿಗೆ ಹಾರೈತಿ."

ತಿಂಗಳುಗಳು ಹೋದರೂ ಕೂದಲು ಬರಲಿಲ್ಲ. ಅವಳು ಮಾತ್ರ ತಪ್ಪದೆ ಬಂದಳು. "ಮತ್ತ ಕೊಟ್ಟಾಳೇನು?"

"ಹೂಂ, ಮತ್ತ ಕೊಟ್ಟಾಳ."

"ಹುಬ್ಬೂ ಕೊಟ್ಟಾಳೇನು?"

ನನ್ನ ಡಿಗ್ರಿ ಅಲ್ಲಿಗೆ ಮುಗಿಯಿತು. ಒಳಗಿನಿಂದ ಸೊಸೆ ಬಂದು ತಲೆಯ ಮೇಲಿನ ಸೆರಗು ಸರಿಸಿ ನಿಂತಳು. "ಅಕ್ಕಾ, ಯಾವ ದೇವರೂ ಹುಬ್ಬು ಕೇಳೂದಿಲ್ಲ. ನನಗ ಕ್ಯಾನ್ಸರ್ ಐತಿ, ಔಷಧಿಗೆ ಕೂದಲ ಉದುರ್ಯಾವ. ನಮ್ಮತ್ತಿ ಕೊಟ್ಟ ಲಡ್ಡು ಅಂಗಡೀದು. ರುಚಿ ಇತ್ತಿಲ್ಲೋ?"

ಆಮೇಲೆ ಓಣಿಗೆ ಓಣಿಯೇ ಬಂತು. ಒಬ್ಬಳು ಹಾಗಲಕಾಯಿ ರಸ ತಂದಳು, ಇನ್ನೊಬ್ಬಳು ಯಾವುದೋ ಎಲೆ. ಒಬ್ಬ ಹಿರಿಯರು ಸೊಸೆಯ ಎದುರಿಗೇ ಕೂತು, "ಪಾಪ, ಭಾಳ ಒಳ್ಳೇಕಿ ಇದ್ಳು," ಎಂದು ಕಣ್ಣು ಒರೆಸಿಕೊಂಡರು. "ಇನ್ನೂ ಅದೀನ್ರಿ ಮಾವಾ, ಚಹಾ ತಗೋರಿ," ಎಂದಳು ಸೊಸೆ.

ಎದುರುಮನೆಯವಳು ನಾಲ್ಕನೆಯ ದಿನ ಹಿತ್ತಲ ಬಾಗಿಲಿಂದ ಬಂದಳು. ಲಡ್ಡು ಮೂಸಿದ ಮೂಗು ಕೆಂಪಾಗಿತ್ತು.

"ನನಗೂ ಎದಿಯಾಗ ಏನೋ ಗಟ್ಟಿ ಹತ್ತತೈತಿ. ಎರಡು ತಿಂಗಳಾತು. ಮನಿಯಾಗ ಹೇಳಿಲ್ಲ."

ಎರಡು ತಿಂಗಳು! ನಮ್ಮ ಸೊಸೆಯ ಮುಡಿ ಎಣಿಸುತ್ತ ತನ್ನ ಗಂಟು ಮುಚ್ಚಿಟ್ಟುಕೊಂಡಿದ್ದಳು ಮಹಾತಾಯಿ. ಬೈಯಲು ಬಾಯಿ ತೆರೆದೆ. ನಾನೂ ಮುಚ್ಚಿಡುವ ಅದೇ ಜಾತಿಯವಳಲ್ಲವೇ, ಬಾಯಿ ಮುಚ್ಚಿದೆ. ಮುಂದಿನ ಸಲ ಸೊಸೆ ಕರ್ನೂಲಿಗೆ ಹೋಗುವಾಗ ಅವಳನ್ನೂ ಬಸ್ಸು ಹತ್ತಿಸಿಕೊಂಡು ಹೋದಳು. ಪರೀಕ್ಷೆ ಮಾಡಿ, ಬರೀ ಕೊಬ್ಬಿನ ಗಂಟು, ಭಯವಿಲ್ಲ ಎಂದರಂತೆ. ಅವಳಿಗೆ ಕೊಬ್ಬಿದೆ ಎಂದು ಡಾಕ್ಟರೇ ಹೇಳಬೇಕಾಯಿತು!

ಉಳಿದದ್ದು ಸೊಸೆಯ ಕೊನೆಯ ಪರೀಕ್ಷೆ. ಅದರ ಫಲವೇ ಇವತ್ತು ಬಂದ ಫೋನು.

ಸಂಜೆ ಮಗ, ಸೊಸೆ ಇಬ್ಬರೂ ಬಂದ ಮೇಲೆ ಮನೆಮಂದಿಯೆಲ್ಲ ಒಟ್ಟಿಗೆ ಊಟಕ್ಕೆ ಕೂತೆವು. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ. ಔಷಧಿ ನಡೆದಷ್ಟು ದಿನ ನಾನು ಏನು ಬಡಿಸಿದರೂ ಸೊಸೆ ನಾಲಿಗೆಗೆ ರುಚಿ ಹತ್ತದೆ ಮಣ್ಣು ನುಂಗಿದಂತೆ ನುಂಗುತ್ತಿದ್ದಳು. ಇವತ್ತು ಒಂದು ತುತ್ತು ಬಾಯಿಗಿಟ್ಟು ಮುಖ ಕಿವುಚಿದಳು.

"ಅತ್ತೀ, ಪಲ್ಯಕ್ಕ ಉಪ್ಪು ಕಡಿಮಿ ಆಗೈತಿ."

ಬೇರೆ ದಿನವಾಗಿದ್ದರೆ ಅವಳ ತವರಿನ ಅಡಿಗೆಯನ್ನೆಲ್ಲ ಎತ್ತಿ ಆಡುತ್ತಿದ್ದೆ. ಇವತ್ತು ಹಿಡಿದ ಸೊಂಟದಲ್ಲೇ ಎದ್ದು ಹೋಗಿ ಉಪ್ಪಿನ ಡಬ್ಬಿಯನ್ನೇ ತಂದು ಅವಳ ಮುಂದಿಟ್ಟೆ. ಎಲ್ಲರೂ ನಗುತ್ತ ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.