ಮಿಸ್ ಒಡೀಲ್ ಹಾಕಿದ ಕೊಸರು

"ಇದು ನಾನು ಕೇಳಿದ್ದಲ್ಲ" ಎಂದು ತಟ್ಟೆಯನ್ನು ಹಿಂದಕ್ಕೆ ತಳ್ಳಿದೆ. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬೊಂದರಲ್ಲಿ ಕೆಲಸಕ್ಕೆ ಸೇರಿ ಆಗಿನ್ನೂ ಮೂರು ವಾರ. ಅಮೆರಿಕದಲ್ಲಿ ಮುಟ್ಟಿದ್ದಕ್ಕೆಲ್ಲ ದುಡ್ಡು ಎಂದು ಹೊರಡುವ ಮುಂಚೆಯೇ ಎಲ್ಲರೂ ಹೆದರಿಸಿ ಕಳಿಸಿದ್ದರು. ನಾನು ಕೇಳಿದ್ದು ಒಂದು ಬಟ್ಟಲು ಗಂಬೊ ಎಂಬ ಸಾರು ಮಾತ್ರ. ಅದರ ಪಕ್ಕದಲ್ಲಿ ಬೆರಳುದ್ದದ ಸಾಸೇಜ್ ತುಂಡೊಂದು ಬಂದು ಕೂತಿತ್ತು. ಆ ಪುಟ್ಟ ಊಟದ ಅಂಗಡಿ ನಡೆಸುವ ಹಿರಿಯ ಹೆಂಗಸು ತಟ್ಟೆಯನ್ನು ಮತ್ತೆ ನನ್ನ ಕಡೆಗೇ ಸರಿಸಿ, "ಲ್ಯಾನ್ಯಾಪ್, ಶಾ" ಎಂದರು.

"ನಾನು ಶಾ ಅಲ್ಲ. ನನ್ನ ಹೆಸರು ವಾರಿಜಾ. ನಾನು ಮಂಗಳೂರಿನವಳು, ಗುಜರಾತಿ ಅಲ್ಲ" ಎಂದು ಗಂಭೀರವಾಗಿ ತಿದ್ದಿದೆ.

ಅವರಿಗೆ ನಗು ತಡೆಯಲಾಗಲಿಲ್ಲ. "ಶಾ" ಎಂದರೆ ಅವರ ಕಡೆಯ ಫ್ರೆಂಚಿನಲ್ಲಿ ಮುದ್ದಿನ ಮಾತಂತೆ, ನಮ್ಮಲ್ಲಿ ಗಂಡು ಹೆಣ್ಣೆನ್ನದೆ "ಮಗಾ" ಎಂದು ಕರೆಯುವ ಹಾಗೆ. ಲ್ಯಾನ್ಯಾಪ್ ಎಂದರೆ ಕೊಂಡದ್ದರ ಮೇಲೆ ಅಂಗಡಿಯವರು ಪ್ರೀತಿಯಿಂದ ಹಾಕುವ ಒಂದಿಷ್ಟು. ಅದಕ್ಕೆ ದುಡ್ಡಿಲ್ಲ, ಬೇಡ ಎನ್ನುವ ಹಾಗೂ ಇಲ್ಲ. ನನ್ನ ಬಾಯಿಂದ ಕನ್ನಡದಲ್ಲೇ "ಕೊಸರು" ಎಂದು ಬಂತು. ಹೇಳಲು ನಾಚಿಕೆಯಾಗುತ್ತದೆ, ಒಂದು ಸಾಸೇಜ್ ತುಂಡಿನ ಮುಂದೆ ಕೂತು ನಾನು ಅತ್ತೆ.

ನನ್ನ ಅಮ್ಮ ಮಂಗಳೂರಿನ ಮಾರ್ಕೆಟಿನಲ್ಲಿ ಮೀನು ಮಾರುತ್ತಾರೆ. ಪಾಲು ಪಾಲಾಗಿ ಗುಡ್ಡೆ ಹಾಕಿಟ್ಟ ಬಂಗುಡೆಗೆ ಗಿರಾಕಿಗಳು ಎಷ್ಟೇ ಚೌಕಾಸಿ ಮಾಡಲಿ, ಎರಡೂ ಕಡೆ ಎಷ್ಟೇ ಬೈದಾಡಿಕೊಳ್ಳಲಿ, ಕೊನೆಗೆ ಚೀಲಕ್ಕೆ ಎರಡು ಮೀನು ಹೆಚ್ಚಿಗೆ ಬೀಳಲೇಬೇಕು. ಇಲ್ಲಿನ ಗ್ರೋಸರಿಯಲ್ಲಿ ತಕ್ಕಡಿ ಕೂದಲೆಳೆಯಷ್ಟೂ ತಪ್ಪುವುದಿಲ್ಲ. ಮೋಸವಿಲ್ಲ, ಕೊಸರೂ ಇಲ್ಲ. ಕ್ಯಾಷಿಯರು ಹೇಗಿದ್ದೀರಿ ಎಂದು ಕೇಳುತ್ತಾಳೆ, ನಾನು ಉತ್ತರ ಹೊಂದಿಸಿಕೊಳ್ಳುವಷ್ಟರಲ್ಲಿ ಹಿಂದಿನವರನ್ನು ಅದನ್ನೇ ಕೇಳುತ್ತಿರುತ್ತಾಳೆ.

ಅಂದಿನಿಂದ ನನ್ನ ಮಧ್ಯಾಹ್ನದ ಊಟ ಮಿಸ್ ಒಡೀಲ್ ಅವರಲ್ಲೇ. ಹೆಸರಿನ ಮೊದಲು ಮಿಸ್ ಹಚ್ಚಿ ಕರೆಯುವುದು ಅವರ ಕಡೆಯ ಮರ್ಯಾದೆ, ನಮ್ಮ ಅಕ್ಕ ಇದ್ದ ಹಾಗೆ. ಅವರು ಕೇಜನ್ ಜನ. ಹಿಂದೆಂದೋ ಕೆನಡಾದಿಂದ ಹೊರದಬ್ಬಿಸಿಕೊಂಡು ಬಂದು ಲೂಯಿಸಿಯಾನಾದ ಜೌಗು ನೆಲದಲ್ಲಿ ಬೇರು ಬಿಟ್ಟ ಫ್ರೆಂಚರು. ಹಡಗುಕಟ್ಟೆಯಲ್ಲಿ ಕೆಲಸಕ್ಕಿದ್ದ ಗಂಡನ ಹಿಂದೆ ಇಲ್ಲಿಗೆ ಬಂದು ನಲವತ್ತು ವರ್ಷವಾದರೂ ಅವರು "ನಮ್ಮ ಮನೆಯಲ್ಲಿ" ಎಂದರೆ ಲೂಯಿಸಿಯಾನಾ ಎಂದೇ ಅರ್ಥ. ಗಂಬೊ ಎಂದರೆ ಎಣ್ಣೆಯಲ್ಲಿ ಮೈದಾವನ್ನು ಕಂದು ಬಣ್ಣಕ್ಕೆ ಹುರಿದು, ಬೆಂಡೆಕಾಯಿ, ಏಡಿ, ಸೀಗಡಿ ಹಾಕಿ ಕುದಿಸುವ ಮಂದ ಸಾರು. ಅನ್ನದ ಮೇಲೆ ಸುರಿದುಕೊಳ್ಳುವುದು. ಬೆಂಡೆಯ ಲೋಳೆ ಹೋಗುವಂತೆ ಹುರಿಯುವುದು ನಮ್ಮಲ್ಲಿ ಜಾಣತನ. ಅವರಿಗೆ ಸಾರು ಮಂದವಾಗಲು ಆ ಲೋಳೆಯೇ ಬೇಕು. ಒಮ್ಮೆ ಸಹಾಯ ಮಾಡುತ್ತೇನೆಂದು ಹೋಗಿ ಒಂದು ಬಾಣಲೆ ಬೆಂಡೆಯನ್ನು ಗರಿಗರಿ ಹುರಿದಿಟ್ಟು ಬೈಸಿಕೊಂಡಿದ್ದೇನೆ.

ಎರಡನೆಯ ವರ್ಷ ಎಲ್ಲವೂ ತುಟ್ಟಿಯಾಯಿತು. ಲೂಯಿಸಿಯಾನಾದಲ್ಲಿ ಮಳೆ ಕೈಕೊಟ್ಟು, ಕ್ರಾಫಿಶ್ ಎಂಬ ಅವರ ಕೆಸರಿನ ಸೀಗಡಿ ಚಿನ್ನದ ಬೆಲೆಗೇರಿತು. ಅಲ್ಲಿಂದ ಮಂಜುಗಡ್ಡೆಯಲ್ಲಿಟ್ಟು ವಿಮಾನದಲ್ಲಿ ತರಿಸುವ ಹೊಗೆ ಸಾಸೇಜಿನ ಸಾಗಣೆಯೂ ಹೆಚ್ಚಿತು. ಸುತ್ತಲಿನ ಬಾಡಿಗೆಯಂತೂ ದಿನಕ್ಕೊಂದು ಹುಟ್ಟುತ್ತಿದ್ದ ಡಾಟ್ ಕಾಮ್ ಕಂಪನಿಗಳ ಜೊತೆ ಪಂದ್ಯಕ್ಕೆ ಬಿದ್ದಿತ್ತು. ಮಿಸ್ ಒಡೀಲ್ ಅವರ ಗಿರಾಕಿಗಳು ಹಡಗುಕಟ್ಟೆಯ ಪೆನ್ಷನ್ನಿನಲ್ಲಿ ಬದುಕುವ, ಅವರದೇ ಊರಿನ ಕಡೆಯ ಮುದುಕರು. ಬೆಲೆ ಏರಿಸಿದರೆ ಅವರು ಬರುವುದಿಲ್ಲ, ಏರಿಸದಿದ್ದರೆ ಅಂಗಡಿ ಉಳಿಯುವುದಿಲ್ಲ.

ಒಂದು ಶುಕ್ರವಾರ ತಟ್ಟೆಗಳು ಲ್ಯಾನ್ಯಾಪ್ ಇಲ್ಲದೆ ಬಂದವು. ಕ್ಲೋವಿಸ್ ಎಂಬ ಹಳೆಯ ಗಿರಾಕಿ ಗಂಬೊ ಮುಗಿಸಿ, ಖಾಲಿ ತಟ್ಟೆಯ ಮುಂದೆ ಸ್ವಲ್ಪ ಹೊತ್ತು ಕೂತಿದ್ದರು. ಆಮೇಲೆ ಟೋಪಿ ಹಾಕಿಕೊಂಡು ಏನೂ ಹೇಳದೆ ಹೊರಟುಹೋದರು. ಮಿಸ್ ಒಡೀಲ್ ಆಗಲೇ ತೊಳೆದಿಟ್ಟಿದ್ದ ಪಾತ್ರೆಯನ್ನು ಮತ್ತೆ ತಿಕ್ಕುತ್ತಿದ್ದರು.

"ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ" ಎಂದರು. "ಸೀಗಡಿ ಇಲ್ಲದೆ ಬೇಕಾದರೂ ಗಂಬೊ ಮಾಡಿಯೇನು ಶಾ. ಕೈಯೆತ್ತಿ ಒಂದು ಚೂರು ಹೆಚ್ಚಿಗೆ ಹಾಕಲಾರೆ ಅಂದರೆ ನಾನು ಬರೀ ಊಟ ಮಾರುವವಳು. ಅದಕ್ಕಿಂತ ಬಾಗಿಲು ಹಾಕುವುದೇ ವಾಸಿ."

ಈ ಅಂಗಡಿ ಮುಚ್ಚಿದರೆ ಈ ಊರಿನಲ್ಲಿ ನನ್ನನ್ನು ಮಗಾ ಎನ್ನುವವರು ಯಾರೂ ಉಳಿಯುವುದಿಲ್ಲ. ಆಗ ಅಮ್ಮನ ಮಳೆಗಾಲ ನೆನಪಾಯಿತು. ದೋಣಿಗಳು ದಡ ಸೇರಿ, ಮೀನಿಗೆ ಕೈ ಹಾಕಲಾಗದಷ್ಟು ಬೆಲೆ ಬಂದಾಗಲೂ ಅಮ್ಮ ಕೊಸರು ನಿಲ್ಲಿಸುವುದಿಲ್ಲ.

"ಮಳೆಗಾಲದಲ್ಲಿ ನಮ್ಮಮ್ಮ ಮೀನಿನ ಕೊಸರು ಹಾಕುವುದಿಲ್ಲ ಮಿಸ್ ಒಡೀಲ್. ನಮ್ಮ ಮನೆಯ ಮರದ್ದೇ ಎರಡು ಹುಳಿ ಅಂಬಟೆಕಾಯಿ ಹಾಕುತ್ತಾರೆ. ಜನ ಅದನ್ನೇ ಕೇಳಿ ತೆಗೆದುಕೊಂಡು ಹೋಗುತ್ತಾರೆ" ಎಂದೆ.

ಅವರು ಉಳಿದ ಅನ್ನದ ಪಾತ್ರೆಯ ಕಡೆ ನೋಡುತ್ತಾ ನಿಂತರು.

ಮರುದಿನ ಸೂಟ್‌ಕೇಸಿನ ಅಡಿಯಿಂದ ನನ್ನ ಗುಳಿಯಪ್ಪದ ಕಾವಲಿಯನ್ನು ತೆಗೆದುಕೊಂಡು ಹೋದೆ. ಉಳಿದ ಅನ್ನವನ್ನು ಹಿಸುಕಿ, ಅಕ್ಕಿ ಹಿಟ್ಟು, ಈರುಳ್ಳಿ, ಅವರ ಖಾರದ ಪುಡಿ ಕಲಸಿ ಕಾವಲಿಗೆ ಹೊಯ್ದೆವು. ಮೊದಲನೆಯದನ್ನು ಬಾಯಿಗೆ ಹಾಕಿಕೊಂಡ ಮಿಸ್ ಒಡೀಲ್ ಕಣ್ಣು ಮುಚ್ಚಿದರು. "ಅನ್ನ ಉಳಿದರೆ ನನ್ನ ಅಜ್ಜಿ ಇಂಥದನ್ನೇ ಕರಿಯುತ್ತಿದ್ದಳು. ಹೇಗೆ ಮರೆತೆನೋ" ಎಂದರು.

ಮುಂದಿನ ಶುಕ್ರವಾರ ಕ್ಲೋವಿಸ್ ಬರುತ್ತಾರೋ ಇಲ್ಲವೋ ಎಂದು ಇಬ್ಬರಿಗೂ ಬಾಗಿಲ ಮೇಲೇ ಕಣ್ಣು. ಬಂದರು. ಗಂಬೊ ಜೊತೆ ಗುಂಡಗಿನ ಎರಡು ಅಪ್ಪಗಳನ್ನು ಕಂಡು, "ಇದೇನು?" ಎಂದರು.

"ಕೊಸ್ರೂ" ಎಂದರು ಮಿಸ್ ಒಡೀಲ್, ಹುಟ್ಟಿದಾಗಿನಿಂದ ಆ ಮಾತನ್ನೇ ಆಡಿದವರಂತೆ.

ಕ್ಲೋವಿಸ್ ಇನ್ನೆರಡು ಕೇಳಿ ತಿಂದರು. ಆಮೇಲೆ ಗಂಬೊದ ಬೆಲೆ ಏರಿಸಲೇಬೇಕಾಯಿತು, ಲೂಯಿಸಿಯಾನಾದ ಏಡಿಯ ಬದಲು ಇಲ್ಲಿನ ಏಡಿ ಬಂತು. ಮುದುಕರು ಗೊಣಗಿದರು, ಗೊಣಗುತ್ತಲೇ ಬಂದರು. ಬಾಡಿಗೆಯ ಕರಾರು ಮುಗಿಯುವಾಗ ಏನಾಗುವುದೋ ಗೊತ್ತಿಲ್ಲ. ಸದ್ಯಕ್ಕೆ ಅಂಗಡಿ ಇದೆ, ಕಾವಲಿ ಅಲ್ಲೇ ಇದೆ.

ಮೊನ್ನೆ ರಜೆಗೆ ಊರಿಗೆ ಹೋದಾಗ ಅಮ್ಮನ ಬುಟ್ಟಿಯ ಹಿಂದೆ ಕೂತಿದ್ದೆ. ಒಬ್ಬರು ಬಂಗುಡೆ ಕೊಂಡು, ದುಡ್ಡು ಕೊಟ್ಟು, ಚೀಲದ ಬಾಯಿ ಅಗಲಿಸಿಕೊಂಡು ನಿಂತರು. ಅವರು ಕಾಯುತ್ತಿರುವುದು ಯಾತಕ್ಕೆಂದು ನನಗೆ ಗೊತ್ತು.

"ಅಮ್ಮಾ, ಅವರಿಗೆ ಲ್ಯಾನ್ಯಾಪ್ ಹಾಕು" ಎಂದೆ.

ಅಮ್ಮ ತಿರುಗಿ ನೋಡಿದರು. "ಅದೆಂತ ಮೀನು ಮಗಾ? ಅದೆಲ್ಲ ಈ ಬದಿಯಲ್ಲಿ ಸಿಕ್ಕುದಿಲ್ಲ."

ಗಿರಾಕಿ ನಕ್ಕರು. ಅಮ್ಮನ ಕೈ ಅಷ್ಟರಲ್ಲಿ ಎರಡು ಬಂಗುಡೆ ಎತ್ತಿ ಚೀಲಕ್ಕೆ ಹಾಕಿಯಾಗಿತ್ತು. ಆ ಕೈ ಮಾಡಿದ ಕೆಲಸಕ್ಕೆ ನಮ್ಮಲ್ಲಿರುವ ಹೆಸರು ನನ್ನ ಬಾಯಿಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು.