ಹೆಸರು ಹೇಳಬಾರದ ಬೇರು

ಸುಂದ್ರಮ್ಮ ಬಾಯಿ ತೆಗೆದರೆ ಸರಗೂರಿನ ಬಸ್ಸಿನಲ್ಲಿ ಕೂತವರಿಗೂ ಕೇಳಿಸುತ್ತದೆ ಅಂತ ಊರವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಸೊಂಟ ಹಿಡಿದುಕೊಂಡಾಗ, ಕತ್ತು ಹೊರಳದಾದಾಗ, ಮೀನಖಂಡ ಗಂಟುಕಟ್ಟಿ ಪ್ರಾಣ ಹಿಂಡಿದಾಗ ಅದೇ ಜನ ಅವಳ ಜಗುಲಿಗೆ ಬಂದು ಕೂರಬೇಕು. ಕಾಡಂಚಿನಿಂದ ಅಗೆದು ತಂದ ಒಂದು ಬೇರನ್ನು ಜಜ್ಜಿ, ಕುದಿಸಿ, ಅರ್ಧ ಲೋಟ ಕಷಾಯ ಕೊಡುತ್ತಾಳೆ. ಮೂರು ಬೆಳಗ್ಗೆ ಕುಡಿದರೆ ಬಿಗಿದ ನರ, ಮಾಂಸಖಂಡ ಎಲ್ಲ ಸಡಿಲ. ಅದಕ್ಕೆ ಅವಳು ತೆಗೆದುಕೊಳ್ಳುವುದು ಎಲೆ ಅಡಿಕೆ ಮಾತ್ರ.

ಆ ಬೇರಿನ ಹೆಸರನ್ನು ಅತ್ತೆ ಸಾಯುವ ಮುಂಚೆ ಕಿವಿಯಲ್ಲಿ ಹೇಳಿದ್ದಳು. ನಾಲ್ಕು ಜನರ ಮುಂದೆ ಅದನ್ನು ಆಡಿದರೆ ಆಮೇಲೆ ಆ ಕೈಯಲ್ಲಿ ಔಷಧ ನಾಟುವುದಿಲ್ಲವಂತೆ. ಇನ್ನೊಂದು ಕಟ್ಟಳೆ, ಇಂಗ್ಲಿಷ್ ಔಷಧಿ ನುಂಗಿದವರಿಗೆ ಇದನ್ನು ಕೊಡಬಾರದು. ಗುಳಿಗೆ ತಗೊಂಡಿದ್ದೀನಿ ಅಂತ ಒಪ್ಪಿಕೊಂಡವರಿಗೆ ಸುಂದ್ರಮ್ಮ ಮಾಡುವ ಮಂಗಳಾರತಿ ಊರಿಗೇ ಗೊತ್ತು. "ಅಲ್ಲೊಂದು ಕಾಲು, ಇಲ್ಲೊಂದು ಕಾಲಾ? ಏಳ್ಲಾ ಮೇಲಕ್ಕೆ!" ಅಂತ ಎಬ್ಬಿಸಿ ಅಟ್ಟುವಳು.

ಆ ಆಗಸ್ಟ್‌ನಲ್ಲಿ ಅವಳ ಮೈದುನ ಶಿವನಂಜಪ್ಪ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನೊಳಗೆ ನಿಂತು, ಸೊಪ್ಪು ಕಟ್ಟಿದ ಕಡ್ಡಿಗಳನ್ನು ಮೇಲಕ್ಕೆ ಏರಿಸುತ್ತಿದ್ದ. ಸೊಂಟ ಹಿಡಿದು ನಿಂತಲ್ಲೇ ಮರಗಟ್ಟಿದ. ಸುಂದ್ರಮ್ಮ ಕಷಾಯ ಕೊಟ್ಟು, "ಮೂರು ದಿವ್ಸ ಅಳ್ಳಾಡಬ್ಯಾಡ ಕಣಪ್ಪ" ಅಂದಳು. ಆದರೆ ಕಿತ್ತ ಸೊಪ್ಪು ಮೂರು ದಿನ ಕಾಯುವುದಿಲ್ಲ, ಕೊಳೆತುಹೋಗುತ್ತದೆ. ಶಿವನಂಜಪ್ಪನಿಗೆ ಅದೇ ಚಿಂತೆ.

ಮಾರನೆಯ ಬೆಳಗ್ಗೆ ಎರಡನೇ ಸಲದ ಕಷಾಯ ಕುಡಿದು ಗಂಟೆಯೊಳಗೆ ಅವನು ಕುಸಿದ. ಕತ್ತು ನಿಲ್ಲದು, ಕೈ ಏಳದು, ನಾಲಿಗೆ ಹೊರಳದು. ಉಸಿರು ಸಣ್ಣಗಾಗಿತ್ತು. ಅವನ ಹೆಂಡತಿ ಸುನಂದಮ್ಮ ಬಾಯಿ ಬಾಯಿ ಬಡಿದುಕೊಂಡಳು. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರು. ಸುಂದ್ರಮ್ಮ ದಾರಿಯುದ್ದಕ್ಕೂ ಆಟೋದವನನ್ನೂ ರಸ್ತೆಯನ್ನೂ ಅಡ್ಡ ಬಂದ ಎಮ್ಮೆಗಳನ್ನೂ ಬೈದಳು. ಹತ್ತೊಂಬತ್ತು ವರ್ಷದಲ್ಲಿ ಅವಳ ಕಷಾಯ ಕುಡಿದು ಯಾರೂ ಹೀಗಾಗಿರಲಿಲ್ಲ.

"ಏನು ತಗೊಂಡಿದ್ರು?" ಅಂತ ಡಾಕ್ಟರ್ ರಮ್ಯಶ್ರೀ ಕೇಳಿದರು.

"ನಾಟಿ ಔಸ್ದಿ. ಒಂದು ಬೇರು."

"ಯಾವ ಬೇರು? ಹೆಸರು ಹೇಳಿ."

"ಹೇಳೋ ಅಂಗಿಲ್ಲ ಕಣವ್ವ."

"ಉಸಿರಾಡೋ ಮಾಂಸಖಂಡಾನೂ ಸಡಿಲ ಆಗ್ತಿದೆ ಅಮ್ಮ. ಹೊಟ್ಟೆಗೆ ಏನು ಹೋಗಿದೆ ಅಂತ ಗೊತ್ತಾಗದೆ ನಾನೇನು ಕೊಡ್ಲಿ? ಇವರು ಹೋದ್ರೂ ಪರವಾಗಿಲ್ವಾ?"

ಸುಂದ್ರಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಈ ಡಾಕ್ಟರ ಮೇಲೆ ಸಿಟ್ಟು, ಸತ್ತ ಅತ್ತೆಯ ಮೇಲೆ ಇನ್ನೂ ಸಿಟ್ಟು. ನೀನೇನೋ ಕಿವಿಯಲ್ಲಿ ಊದಿ ತಣ್ಣಗೆ ಮಲಗಿಬಿಟ್ಟೆ, ಇಲ್ಲಿ ಸಾಯ್ತಿರೋನು ನಿನ್ನ ಮಗ ಕಣೇ! ಹಲ್ಲು ಕಚ್ಚಿ, ಆ ಹೆಸರನ್ನು ವಾರ್ಡೆಲ್ಲ ಕೇಳುವಂತೆ ಕೂಗಿ ಹೇಳಿದಳು. ನರ್ಸುಗಳು ಕೇಳಿದರು, ಡ್ರಿಪ್ ಹಾಕಿಸಿಕೊಂಡು ಮಲಗಿದ್ದವರೂ ಕೇಳಿದರು. ಅದನ್ನು ಇಲ್ಲಿ ಬರೆಯುವ ಧೈರ್ಯ ಮಾತ್ರ ಯಾರಿಗೂ ಇಲ್ಲ.

ಡಾಕ್ಟರ್ ಯಾರಿಗೋ ಫೋನು ಮಾಡಿ ವಿಚಾರಿಸಿದರು. "ಅದು ಸಡಿಲ ಮಾಡುತ್ತೆ, ನಿಜ. ಆದ್ರೆ ಅರ್ಧ ಲೋಟಕ್ಕೆ ಇಷ್ಟಾಗಲ್ಲ. ಬೇರೆ ಏನೋ ಸೇರಿದೆ."

ಆಗ ಸುನಂದಮ್ಮ ರವಿಕೆಯೊಳಗಿಂದ ಒಂದು ಗುಳಿಗೆ ಪಟ್ಟಿ ತೆಗೆದಳು. ಸೊಂಟ ಬೇಗ ಬಿಡಲಿ ಅಂತ, ಡಾಕ್ಟರ ಚೀಟಿಯೂ ಇಲ್ಲದೆ ಹ್ಯಾಂಡ್‌ಪೋಸ್ಟ್ ಊರಿನ ಮೆಡಿಕಲ್ಲಿನಲ್ಲಿ ತಂದದ್ದು. ಹತ್ತರಲ್ಲಿ ಆರು ಖಾಲಿ. ಡಾಕ್ಟರ್ ಕಸಿದುಕೊಂಡು ಓದಿದರು. "ಇದೂ ಅದೇ ಕೆಲಸ ಮಾಡೋದು. ಎರಡೂ ಒಟ್ಟಿಗೆ ಬಿದ್ದಿದೆ" ಅನ್ನುತ್ತಲೇ ಒಳಗೆ ಓಡಿದರು.

ಶಿವನಂಜಪ್ಪ ಬದುಕಿದ. ಸಂಜೆಗೆ ನಾಲಿಗೆ ಹೊರಳಿತು.

"ಬಾಯಿಗೇನು ಹೊಲಿಗೆ ಹಾಕಿದ್ರೇನೇ?" ಸುಂದ್ರಮ್ಮ ಓರಗಿತ್ತಿಯ ಮೇಲೆ ಎರಗಿದಳು. "ಗಂಡ ಕಣ್ಮುಂದೆ ಸಾಯ್ತಿದ್ರೂ ರವಿಕೇಲಿ ಮುಚ್ಚಿಟ್ಕೊಂಡಿದ್ಯಲ್ಲೇ! ನನ್ ಔಸ್ದೀನೂ ಮಣ್ಣುಪಾಲು ಮಾಡುದ್ಯಲ್ಲೇ!"

ಸುನಂದಮ್ಮ ಗೋಡೆಗೆ ಅಂಟಿಕೊಂಡು ಅತ್ತಳು. "ನೀನು ಬಯ್ತೀಯ ಅಂತ ಕಣಕ್ಕ. ಸತ್ರೂ ಅತ್ತಿಗೆಗೆ ಹೇಳ್ಬ್ಯಾಡ ಅಂದಿದ್ರು ಅವ್ರು."

ಸುಂದ್ರಮ್ಮ ಇನ್ನೂ ಬೈಯಬೇಕೆಂದು ಬಾಯಿ ತೆಗೆದಳು. ಈ ಬಾಯಿಗೆ ಹೆದರಿಯೇ ಅವರು ಮುಚ್ಚಿಟ್ಟದ್ದು. ಮೈದುನನ ಮಂಚದ ಪಕ್ಕ ನೆಲದಲ್ಲಿ ಕೂತು ಬೆಳಗಾಗುವ ತನಕ ತನ್ನ ಮೇಲೇ ಕುದಿದಳು.

ವಾರ ಕಳೆದು ಚಲುವಯ್ಯ ಕತ್ತು ಹಿಡಿದುಕೊಂಡು ಜಗುಲಿಗೆ ಬಂದ. ಔಷಧ ಇನ್ನು ನಾಟುತ್ತದೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ.

"ಗುಳಿಗೆ ಏನಾರ ನುಂಗಿದ್ದೀಯೇನೋ?"

"ಇಲ್ಲ ಸುಂದ್ರಕ್ಕ" ಅಂದ ಚಲುವಯ್ಯ, ನೆಲ ನೋಡುತ್ತ.

ಸುಳ್ಳು. ಸುಂದ್ರಮ್ಮನ ಸಿಟ್ಟು ನೆತ್ತಿಗೇರಿತು. "ಬಯ್ಯಲ್ಲ ಕಣೋ, ಹೇಳು" ಅಂದಳು. ಅವನು ನಂಬಲಿಲ್ಲ, ಹಿಂದೆ ಸರಿದು ಚಪ್ಪಲಿಗೆ ಕಾಲು ಹಾಕತೊಡಗಿದ. ಜಗುಲಿಯಿಂದ ಎದ್ದು ಬಂದ ಸುಂದ್ರಮ್ಮ ಅವನೆದುರು ಎರಡೂ ಕೈ ಜೋಡಿಸಿದಳು.

"ಹೇಳೋ, ನಿನ್ ಕಾಲಿಗೆ ಬೀಳ್ತೀನಿ. ಏನ್ ನುಂಗಿದ್ದೀಯ ಹೇಳೋ ಮುಂಡೇದೇ!"

ಚಲುವಯ್ಯ ಮೆಲ್ಲಗೆ ಜೇಬಿಗೆ ಕೈ ಹಾಕಿದ.